ಹೆಗಲು ಸಂಘದ ಶಂಖ

ಮೊರ್ನ್ ಪಿಂತಾದ್, ಹೈತಿ
೪ ಸೆಪ್ಟೆಂಬರ್ ೨೦೨೩

ಎಲೂರ್ದ್,

ದುಃಖದಿಂದ ತಿಳಿಸುವುದೇನೆಂದರೆ, ನಿನ್ನ ದೊಡ್ಡಪ್ಪ ಆಲ್ತಿದೋರ್ ನಿನ್ನೆ ಬೆಳಗ್ಗೆ ಕಾಫಿ ಕುಡಿಯುತ್ತಿರುವಾಗಲೇ ತೀರಿಕೊಂಡರು. ಲೋಟದಲ್ಲಿ ಅರ್ಧ ಕಾಫಿ ಹಾಗೇ ಉಳಿದಿತ್ತು. ಶನಿವಾರ ಮಣ್ಣು.

ಕೂತೆಯಾ? ಕೂತಿದ್ದರೆ ಸರಿ. ನಾನು ಸತ್ತಿಲ್ಲ. ಆ ಅರ್ಧ ಕಾಫಿಯನ್ನೂ ನಾನೇ ಕುಡಿದೆ. ಸತ್ತವನ ಕಾಗದವನ್ನಾದರೂ ಎರಡನೇ ಸಾಲಿನವರೆಗೆ ಓದುತ್ತೀಯೇನೋ ಅಂತ ಹೀಗೆ ಬರೆದೆ. ಬದುಕಿರುವವನು ಬರೆದದ್ದಕ್ಕೆಲ್ಲ ನೀನು ಫೋನಿನಲ್ಲಿ ಹೆಬ್ಬೆಟ್ಟು ಒತ್ತಿ ಕಳಿಸುತ್ತೀಯ. ನಮ್ಮ ಕಾಲದಲ್ಲಿ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಓದು ಹೆಚ್ಚಾದವರು ಒತ್ತುತ್ತಾರೆ.

ಹಾಗಾಗಿ ಬೇಲಿಯಾಚೆ ನಿಂತು ಮೊದಲಿನಿಂದ ಕೂಗುತ್ತೇನೆ: ಒನೆ. ಒಳಗಿನಿಂದ ನೀನು ‘ರೆಸ್ಪೆ’ ಅಂದರೆ ಮಾತ್ರ ಮುಂದಿನ ಮಾತು. ಕೂಗದೆ ಅಂಗಳಕ್ಕೆ ಕಾಲಿಡುವವು ಕೋಳಿ ಮತ್ತು ಸರ್ಕಾರ ಎರಡೇ.

ವಿಷಯ ಇಷ್ಟು. ಊರು ಬಿಟ್ಟು ಹೋದವರ ನಿಮ್ಮ ಮಾಂಟ್ರಿಯಲ್ ಸಂಘದಿಂದ ಕಾಯಿಲೆಯವರನ್ನು ಹೊರುವ ನಮ್ಮ ಹೆಗಲು ಸಂಘಕ್ಕೆ ಕರೆ ಬಂದಿದೆ. ಅಕ್ಟೋಬರ್ ಕೊನೆಗೆ ಕಾಪ್ ಪಟ್ಟಣದಲ್ಲಿ ಐದು ದಿನದ ತರಬೇತಿ, ಅಧ್ಯಕ್ಷರೇ ಖುದ್ದಾಗಿ ಬರಬೇಕು, ಬಂದವರ ಸಂಘಕ್ಕೆ ನೇರ ಪಾಲುದಾರಿಕೆ, ಬಾರದವರು ಎಂದಿನಂತೆ ಹಣ ಹಂಚುವ ರಾಜಧಾನಿಯ ಕಚೇರಿಯ ಕೈಕೆಳಗೆ. ನಮ್ಮ ಅಧ್ಯಕ್ಷೆ ನೆರ್ಲಿನ್. ಹೋಗಿಯೇ ತೀರುತ್ತೇನೆ ಅನ್ನುತ್ತಿದ್ದಾಳೆ.

ಅವಳನ್ನು ಆ ದಾರಿಯಲ್ಲಿ ಕರೆಸಿಕೊಳ್ಳಬೇಡ. ತರಬೇತಿಯನ್ನು ನಮ್ಮ ಜೆರೆಮಿ ಪಟ್ಟಣಕ್ಕೆ ತಾ. ತರಬೇಕು ಅನ್ನುವುದು ತರಬೇತಿಯ ಹೆಸರಲ್ಲೇ ಇದೆಯಲ್ಲ.

ನಿನ್ನ ದೊಡ್ಡಪ್ಪ
(ಶಾಲೆಯ ಮೇಷ್ಟ್ರು ಇದರ ಫೋಟೊ ಹಿಡಿದು ಗುಡ್ಡದ ತುದಿಗೆ ಹತ್ತಿ ಕಳಿಸುತ್ತಾರೆ. ನಡುಗಿ ಅಕ್ಷರ ಅಲುಗಿದ್ದರೆ ಅದು ಅವರ ಮಂಡಿ, ನನ್ನ ಕೈಯಲ್ಲ.)


ಮಾಂಟ್ರಿಯಲ್
೧೧ ಸೆಪ್ಟೆಂಬರ್ ೨೦೨೩

ರೆಸ್ಪೆ, ದೊಡ್ಡಪ್ಪ.

ನಿಮ್ಮ ಕಾಗದವನ್ನು ಮೆಟ್ರೋದಲ್ಲಿ ನಿಂತು ಓದಿದೆ. ಮೊದಲ ಸಾಲಿಗೇ ಅತ್ತುಬಿಟ್ಟೆ. ಪಕ್ಕದ ಹೆಂಗಸು ಎದ್ದು ಜಾಗ ಕೊಟ್ಟಳು. ಆಮೇಲೆ ನಾನು ನಗುವುದನ್ನು ನೋಡಿ ಅವಳ ಮುಖ ಏನಾಯಿತು ಅಂತ ಬರೆಯುವುದಿಲ್ಲ. ಇಂಥದ್ದು ಇನ್ನೊಂದು ಸಲ ಬೇಡ. ದಯವಿಟ್ಟು.

ಕಾಪ್ ಪಟ್ಟಣವನ್ನು ಸುರಕ್ಷಿತ ಅಂತಲೇ ಆರಿಸಿದ್ದಾರೆ. ಅಲ್ಲಿ ಬಂದೂಕಿನವರ ಕಾಟ ಇಲ್ಲ, ಹೋಟೆಲಿದೆ, ಕರೆಂಟಿದೆ. ಹಣ ಕೊಡುವ ಪ್ರತಿಷ್ಠಾನದವರು ಹೈತಿಯವರೇ ನಡೆಸುವ ಸಂಘಗಳ ಜೊತೆ ನೇರವಾಗಿ ಕೆಲಸ ಮಾಡಲು ಒಪ್ಪಿರುವುದು ಇದೇ ಮೊದಲು. ಇದಕ್ಕಾಗಿ ಇಲ್ಲಿ ನಾವು ಎಷ್ಟು ಬಾಗಿಲು ತಟ್ಟಿದ್ದೇವೆ ಅಂತ ನಿಮಗೆ ತಿಳಿಯದು. ಇಷ್ಟು ವರ್ಷ ಹೊತ್ತವರು ನೀವು, ಹೆಸರು ರಾಜಧಾನಿಯ ಕಚೇರಿಯದು. ಇನ್ನು ಮೇಲೆ ಹಾಗಾಗಬಾರದು.

ನೆರ್ಲಿನ್ ಬರಲಿ. ಅವಳ ಬಸ್ ಚಾರ್ಜನ್ನು ನಾವೇ ಕೊಡುತ್ತೇವೆ.

ನಿಮ್ಮ ಎಲೂರ್ದ್


ಮೊರ್ನ್ ಪಿಂತಾದ್
೧೯ ಸೆಪ್ಟೆಂಬರ್ ೨೦೨೩

ಒನೆ, ಮಗಳೇ.

ಕಾಪ್ ಸುರಕ್ಷಿತ, ಒಪ್ಪಿದೆ. ಸ್ವರ್ಗವೂ ಸುರಕ್ಷಿತ. ಅಲ್ಲಿಗೆ ಹೋಗುವ ದಾರಿಯದೇ ತೊಂದರೆ.

ನಾವಿರುವುದು ದೇಶದ ನೈಋತ್ಯದ ಮೂಗಿನ ತುದಿಯಲ್ಲಿ, ಕಾಪ್ ಇರುವುದು ಉತ್ತರದ ನೆತ್ತಿಯಲ್ಲಿ. ನಡುವೆ ರಾಜಧಾನಿ. ರಾಜಧಾನಿಗೆ ಒಳಗೆ ಹೋಗುವ ರಸ್ತೆಯಲ್ಲೂ ಬಂದೂಕು, ಹೊರಗೆ ಬರುವ ರಸ್ತೆಯಲ್ಲೂ ಬಂದೂಕು. ಡ್ರೈವರು ಸುಂಕ ಕೊಟ್ಟರೆ ಕೆಲವು ದಿನ ಬಿಡುತ್ತಾರೆ, ಕೆಲವು ದಿನ ಬಸ್ಸನ್ನೇ ಒಳಗೆ ತಿರುಗಿಸುತ್ತಾರೆ. ಯಾವ ದಿನ ಯಾವುದು ಅಂತ ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ನೆರ್ಲಿನ್‌ಗೂ ಇದನ್ನೇ ಹೇಳಿದೆ. ಅವಳು ದೀವಿಹಲಸು ಬೇಯಿಸಿ ಒರಳಲ್ಲಿ ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸಲಿಲ್ಲ.

“ತಾತ, ಹೋಗಬೇಡ ಅನ್ನೋರು ಊರ್ ತುಂಬ ಸಿಗ್ತಾರೆ. ನಿನ್ ಬದಲು ನಾನ್ ಹೋಗ್ತೀನಿ ಅನ್ನೋರು ಸಿಗಲ್ಲ.”

“ನಾನ್ ಹೋಗ್ತೀನಿ.”

“ನೀನಾ? ಅವ್ರು ಲೆಕ್ಕ ಕೇಳಿದ್ರೆ ನೀನು ಗಾದೆ ಹೇಳಿ ಬರ್ತೀಯ.”

ಆಮೇಲೆ ಒನಕೆ ಕೆಳಗಿಟ್ಟು, ರವಿಕೆಯನ್ನು ಭುಜದಿಂದ ಸ್ವಲ್ಪ ಸರಿಸಿ ತೋರಿಸಿದಳು. ಕಾಯಿಲೆಯವರನ್ನು ಸ್ಟ್ರೆಚರಿನಲ್ಲಿ ಹೊತ್ತು ಈ ಗುಡ್ಡ ಇಳಿಸಿ ಇಳಿಸಿ ಅಲ್ಲಿ ಚರ್ಮ ಎತ್ತಿನ ಹೆಗಲ ಹಾಗೆ ದಪ್ಪಗಾಗಿದೆ.

“ಹೋದ್ ವರ್ಷ ಆ ಕಚೇರಿಯೋರು ಬಂದು ನನ್ ತಲೆಗೆ ಅವ್ರ ಟೋಪಿ ಇಟ್ಟು ಫೋಟೊ ತೆಗೆದ್ರು. ಕೆಳಗೆ ಏನ್ ಬರೆದಿದ್ರು ಗೊತ್ತಾ? ‘ನಮ್ಮ ಸಿಬ್ಬಂದಿ.’ ಟೋಪಿ ವಾಪಸ್ ಇಸ್ಕೊಂಡ್ ಹೋದ್ರು. ಈ ಗಂಟನ್ನ ಇಸ್ಕೊಳ್ಳಕ್ಕಾಗ್ಲಿಲ್ಲ, ಅಷ್ಟೆ.”

ಅವಳು ಬೆಂಡೆಕಾಯಿ ಸಾರು ಬಡಿಸಿದಳು. ಮುದ್ದೆಯನ್ನು ಅಗಿಯದೆ ನುಂಗಬೇಕು, ಅವಳ ಮಾತನ್ನೂ ಹಾಗೇ ನುಂಗಿದೆ.

ಪಾಲುದಾರಿಕೆ ಅನ್ನುತ್ತೀಯ. ನನಗೆ ಕಾಣುವುದು ಇಷ್ಟು: ಪಾಲು ನಿಮ್ಮದು, ದಾರ ನಮ್ಮದು. ದಾರ ಎಷ್ಟು ಎಳೆದರೆ ಕಡಿಯುತ್ತದೆ ಅಂತ ದೂರದಲ್ಲಿ ಕೂತವರಿಗೆ ಕಾಣುವುದಿಲ್ಲ. ಜೆರೆಮಿಯಲ್ಲೂ ಕುರ್ಚಿ ಇವೆ. ಇನ್ನೊಂದು ಸಲ ಕೇಳಿ ನೋಡು.

ದೊಡ್ಡಪ್ಪ


ಮಾಂಟ್ರಿಯಲ್
೨೭ ಸೆಪ್ಟೆಂಬರ್ ೨೦೨೩

ದೊಡ್ಡಪ್ಪನವರಿಗೆ,

ಬೇಜಾರಾದರೂ ಬರೆಯುತ್ತೇನೆ. ದಕ್ಷಿಣದ ಇನ್ನೆರಡು ಸಂಘಗಳು ಮರುಮಾತಿಲ್ಲದೆ ಬರಲು ಒಪ್ಪಿವೆ. ತಕರಾರು ನಿಮ್ಮೊಬ್ಬರದೇ.

ಮೊನ್ನೆ ಸಮಿತಿಯಲ್ಲಿ ಒಬ್ಬರು ಕೇಳಿದರು, ಹಿಂದೆ ಹೆಗಲು ಸಂಘದ ಅಧ್ಯಕ್ಷರು ಯಾರಿದ್ದರು ಅಂತ. ನಿಮ್ಮ ಹೆಸರು ಹೇಳಿದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಕುರ್ಚಿ ಬಿಟ್ಟುಕೊಟ್ಟ ಗಂಡಸರು ಅದರ ಕಾಲನ್ನು ಬಿಡುವುದಿಲ್ಲ ಅನ್ನುವುದನ್ನು ಇಲ್ಲೂ ನೋಡಿದ್ದೇನೆ. ನೆರ್ಲಿನ್‌ಗೆ ಅಡ್ಡ ಇರುವುದು ದಾರಿಯೋ, ನೀವೋ?

ಸತ್ತೆ ಅಂತ ಬರೆದಿರಿ, ನಂಬಿದೆ. ಈಗ ದಾರಿ ಸತ್ತಿದೆ ಅನ್ನುತ್ತೀರಿ. ಎಷ್ಟು ಸಲ ನಂಬಲಿ? ನಿಮ್ಮ ಮಾತಿನಲ್ಲಿ ಆಟ ಎಲ್ಲಿ ಮುಗಿಯುತ್ತದೆ, ನಿಜ ಎಲ್ಲಿ ಶುರುವಾಗುತ್ತದೆ ಅಂತ ನನಗೆ ಚಿಕ್ಕಂದಿನಿಂದಲೂ ಗೊತ್ತಾಗಿಲ್ಲ.

ಊರು, ದಿನ ಎಲ್ಲ ನಿಗದಿಯಾಗಿದೆ. ಬದಲಾಗುವುದಿಲ್ಲ.

ಎಲೂರ್ದ್


ಮೊರ್ನ್ ಪಿಂತಾದ್
೮ ಅಕ್ಟೋಬರ್ ೨೦೨೩

ಒನೆ.

ಇವತ್ತು ಆಟ ಇಲ್ಲ. ನಿನ್ನ ಕಾಗದವನ್ನು ಮೇಷ್ಟ್ರು ನೆರ್ಲಿನ್ ಎದುರಿಗೇ ಓದಿದರು. ಕುರ್ಚಿಯ ಸಾಲು ಬಂದಾಗ ಅವಳು ನಕ್ಕಳು. “ಬೇಕಾದ್ರೆ ತಗೊಂಡ್ಹೋಗು ತಾತ, ಹಿಂದಿನ್ ಕಾಲು ಮುರಿದಿದೆ. ಗೋಡೆಗೆ ಒರಗಿಸಿ ಕೂರ್ಬೇಕು.” ನಾನೂ ನಕ್ಕೆ.

ಅವಳು ಹೊರಡುವುದು ಖಂಡಿತ. ಇಪ್ಪತ್ತಮೂರರ ಬೆಳಗ್ಗೆ ಕೆಳಗಿನ ರಸ್ತೆಯಲ್ಲಿ ಬಸ್ಸು. ಹೇಗೆ ತಯಾರಾಗುತ್ತಿದ್ದಾಳೆ ಅಂತ ಹೇಳುತ್ತೇನೆ, ನೀನೇ ತೂಗಿ ನೋಡು. ಫೋನು ಕಿತ್ತುಕೊಳ್ಳುತ್ತಾರೆ ಅಂತ ನಂಬರುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದಾಳೆ. ಮಗಳು ವಿದ್ಲಿನ್‌ಗೆ ಅನ್ನ ಬಸಿಯುವುದನ್ನು ಕಲಿಸಿದ್ದಾಳೆ. ನಿನ್ನೆ ಜಗಲಿಯಲ್ಲಿ ಕೂತು ಬಟ್ಟೆಯ ಚೀಲದಿಂದ ಏನೋ ಕೀಳುತ್ತಿದ್ದಳು. ಹೋಗಿ ನೋಡಿದೆ. ಚೀಲದ ಮೇಲೆ ಕಸೂತಿ ಹಾಕಿದ ‘ಹೆಗಲು’ ಅನ್ನುವ ಹೆಸರನ್ನು ಸೂಜಿಯಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದಳು.

“ಸಂಘದೋಳು ಅಂತ ಗೊತ್ತಾದ್ರೆ ವಿದೇಶದ ದುಡ್ಡಿದೆ ಅಂದ್ಕೊಂಡು ಬಿಡಲ್ಲ ತಾತ. ಬರೀ ಹೆಂಗಸು ಅಂದ್ರೆ ಬಿಟ್ರೂ ಬಿಟ್ಟಾರು.”

ಸಂಘದ ಹೆಸರು ಉಳಿಸಲು ಹೋಗುವವಳು ಮೊದಲು ಅದನ್ನು ಬಿಚ್ಚಿ ಹೋಗಬೇಕಾಗಿದೆ, ಎಲೂರ್ದ್.

ದೊಡ್ಡಪ್ಪ


ಮಾಂಟ್ರಿಯಲ್
೧೫ ಅಕ್ಟೋಬರ್ ೨೦೨೩

ರೆಸ್ಪೆ, ದೊಡ್ಡಪ್ಪ.

ಚೀಲದ ವಿಷಯವನ್ನು ಎರಡು ಸಲ ಓದಿದೆ. ಸಮಿತಿಗೆ ಓದಿ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ನನಗೇ ಗೊತ್ತಿಲ್ಲ.

ನಾನು ಇಪ್ಪತ್ತೆರಡಕ್ಕೆ ಕಾಪ್ ತಲುಪುತ್ತೇನೆ. ಬಸ್ಸು ಹೊರಟ ಕೂಡಲೇ ತಿಳಿಸಿ. ನಡುವೆ ಏನಾದರೂ ತಿಳಿದರೆ ಅದನ್ನೂ.

ಎಲೂರ್ದ್


ಕೆಳಗಿನ ಆರೋಗ್ಯ ಕೇಂದ್ರದಿಂದ
೨೪ ಅಕ್ಟೋಬರ್ ೨೦೨೩

ಒನೆ.

ನೆರ್ಲಿನ್ ಬಸ್ಸು ಹತ್ತಲಿಲ್ಲ.

ನಿನ್ನೆ ಬೆಳಕು ಹರಿಯುವ ಹೊತ್ತಿಗೆ ಶಂಖ ಕೇಳಿತು. ಊರಿನ ನಿಯಮ ನಿನಗೆ ಮರೆತಿರಲಾರದು. ಮನೆಮನೆಯ ಗೋಡೆಯ ಮೊಳೆಗೂ ಒಂದು ಶಂಖ, ಅದು ಕೇಳಿದವರು ಕೈಯಲ್ಲಿದ್ದದ್ದನ್ನು ಬಿಟ್ಟು ಸ್ಟ್ರೆಚರಿಗೆ ಬರಬೇಕು. ಯಾರಿಗೆ, ಏನಾಯಿತು ಅಂತ ದಾರಿಯಲ್ಲಿ ಕೇಳಬಾರದು. ಹಿಂದೆ ಜನ ಹಾಗೆ ಕೇಳುತ್ತ ನಿಂತ ಹೊತ್ತಿನಲ್ಲೇ ಪ್ರಾಣ ಹೋಗಿವೆ.

ಅವಳು ಅರ್ಧ ಗುಡ್ಡ ಇಳಿದಿದ್ದಳು. ಚೀಲವನ್ನು ಒಂದು ಬಂಡೆಯ ಮೇಲಿಟ್ಟು ತಿರುಗಿ ಹತ್ತಿದಳು. ಓಡಿ ಬಂದು ನೋಡಿದರೆ ಅಂಗಳದಲ್ಲಿ ಎದೆ ಹಿಡಿದುಕೊಂಡು ಬಿದ್ದಿದ್ದವನು ನಾನು.

ಅವಳ ಮುಖ ನೋಡಿದೆ. ಒಂದು ಕ್ಷಣ, ಒಂದೇ ಕ್ಷಣ, ಅವಳು ಕೆಳಗಿನ ರಸ್ತೆಯ ಕಡೆ ನೋಡಿದಳು. ಆಮೇಲೆ ಬಗ್ಗಿ ಮುಂದಿನ ಎಡಗಡೆಯ ಹಿಡಿ ಹಿಡಿದಳು. “ಎತ್ತಿ,” ಅಂದಳು.

ನಾಲ್ವರು ಹೊತ್ತರು, ಉಳಿದವರು ಬದಲಿಗೆ ಬಂದರು. ಹಿಂದಿದ್ದ ಒಬ್ಬ, “ತಾತ, ಏನ್ ತಿಂತೀಯ? ಕಲ್ಲಿನ್ ಥರ ಭಾರ ಇದ್ದೀಯ,” ಅಂದ. ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಇರುತ್ತಿತ್ತು. ಸುಮ್ಮನಿದ್ದೆ. ನಾನು ಸುಮ್ಮನಿದ್ದದ್ದು ನೋಡಿ ಅವರೆಲ್ಲ ಹೆದರಿ ಇನ್ನೂ ಜೋರಾಗಿ ನಡೆದರು. ಮಾವಿನ ತಿರುವಿನಲ್ಲಿ ಕೆಳಗಿನಿಂದ ಬಸ್ಸಿನ ಹಾರ್ನ್ ಬಂತು, ಉದ್ದಕ್ಕೆ, ಕಾಯುವವರನ್ನು ಕರೆಯುವ ಹಾಗೆ. ನೆರ್ಲಿನ್ ಹೆಜ್ಜೆ ತಪ್ಪಿಸಲಿಲ್ಲ. ಹೆಗಲು ಬದಲಿಸುತ್ತೇನೆ ಅಂತ ಬಂದವನಿಗೂ ಕೊಡಲಿಲ್ಲ.

ನರ್ಸಮ್ಮ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು. ವಯಸ್ಸಾಯಿತು, ಇನ್ನು ಮೇಲೆ ಜೋಪಾನ ಅಂದಳು. ನೆರ್ಲಿನ್ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಳೆ. ಅತ್ತಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಅವಳ ಮೇಲೆ ಸಿಟ್ಟಾಗಬೇಡ. ಸಿಟ್ಟಾಗುವುದಾದರೆ ಮಲಗಿದವನ ಮೇಲಾಗು.

ದೊಡ್ಡಪ್ಪ


ಕಾಪ್
೨೮ ಅಕ್ಟೋಬರ್ ೨೦೨೩

ದೊಡ್ಡಪ್ಪ,

ನೆರ್ಲಿನ್ ಹೆಸರಿನ ಚೀಟಿ ಅಂಟಿಸಿದ ಕುರ್ಚಿ ಐದು ದಿನವೂ ಖಾಲಿ ಇತ್ತು. ಆ ಬಸ್ಸು ಬಂದು ತಲುಪಿತು. ನಿಮಗೆ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಯಾರಿಗೂ ಏನೂ ಆಗಲಿಲ್ಲ. ಅವಳು ಹತ್ತಿದ್ದರೆ ಅವಳೂ ಬಂದಿರುತ್ತಿದ್ದಳು.

ಇದನ್ನು ಮೊದಲ ದಿನವೇ ಬರೆದು ಕಳಿಸಬೇಕೆಂದಿದ್ದೆ. ಇನ್ನೂ ಕೆಟ್ಟದಾಗಿ ಬರೆದಿದ್ದೆ. ಕಳಿಸಲಿಲ್ಲ. ಯಾಕೆಂದರೆ ಅದೇ ಬಸ್ಸಿನಲ್ಲಿ ದಕ್ಷಿಣದಿಂದ ಇವ್ರೋಝ್ ಅನ್ನುವವರು ಬಂದಿದ್ದರು, ಬೀಜದ ಬ್ಯಾಂಕು ನಡೆಸುವ ಸಂಘದವರು. ರಾಜಧಾನಿಯ ಬಾಯಲ್ಲಿ ಡ್ರೈವರು ಹೆಂಗಸರನ್ನೆಲ್ಲ ನೆಲದ ಮೇಲೆ ಮಲಗಿಸಿ ಮೇಲೆ ಇದ್ದಿಲ ಮೂಟೆ ಹೇರಿದನಂತೆ. ಇಲ್ಲಿಗೆ ಬಂದ ಮೇಲೆ ಎರಡು ದಿನ ಅವರು ಬಾಯಿ ಬಿಡಲಿಲ್ಲ. ನಾಚಿಕೆಯ ಸ್ವಭಾವ ಇರಬೇಕು ಅಂದುಕೊಂಡೆವು. ಮೂರನೇ ದಿನ ತರಬೇತಿಯವರು, ನಿಮ್ಮ ಸಂಘಕ್ಕೆ ಇರುವ ಅಪಾಯಗಳನ್ನು ಹಲಗೆಯ ಮೇಲೆ ಬರೆಯಿರಿ ಅಂದರು. ಇವ್ರೋಝ್ ಎದ್ದು ನಿಂತರು.

“ಬರೆಯಾದ್ಯಾಕೆ? ಅದರ ಕೆಳಗೇ ಮಲಗಿ ಬಂದಿದೀನಿ. ಕೂದಲಲ್ಲಿ ಇನ್ನೂ ಇದ್ದಿಲು ಇದೆ, ನೋಡಿ. ಈ ಊರನ್ನ ಆರಿಸಿದೋರು ಯಾರು? ಅವ್ರು ಹೇಗೆ ಬಂದ್ರು?”

ತರಬೇತಿಯವರು ನನ್ನ ಕಡೆ ತಿರುಗಿದರು.

ದೊಡ್ಡಪ್ಪ, ‘ಆರಿಸಿದ್ದಾರೆ’ ಅಂತ ನಿಮಗೆ ಬರೆದಿದ್ದೆ. ಆರಿಸಿದ್ದು ನಾನು. ಮಯಾಮಿಯಿಂದ ನನ್ನ ವಿಮಾನ ನೇರ ಇಲ್ಲಿಗೆ ಇಳಿಯುತ್ತದೆ. ರಾಜಧಾನಿಗೆ ಕಾಲಿಡಲು ನನಗೆ ಭಯ. ವಿದೇಶದಿಂದ ಬರುವವರಿಗೆ ವಿಮಾನ, ದೇಶದೊಳಗಿನವರಿಗೆ ಬಸ್ಸು ಅನ್ನುವ ನಿಯಮಕ್ಕೂ ನನ್ನ ಸಹಿ ಇದೆ. ನನ್ನ ಭಯವನ್ನು ನಿಮ್ಮ ಹೆಗಲಿಗೆ ದಾಟಿಸಿ, ಅದಕ್ಕೆ ಸುರಕ್ಷತೆ ಅಂತ ಹೆಸರಿಟ್ಟೆ. ಇದನ್ನೆಲ್ಲ ಎದ್ದು ನಿಂತು ಹೇಳಿದೆ.

ನವೆಂಬರಿನಲ್ಲಿ ಜೆರೆಮಿಯಲ್ಲಿ ಎರಡನೇ ತರಬೇತಿ ನಡೆಸಲು ಪ್ರತಿಷ್ಠಾನದವರು ಒಪ್ಪಿದ್ದಾರೆ. ತರಬೇತಿಯವರೂ ನಾನೂ ಮಿಶನ್‌ನವರ ಪುಟ್ಟ ವಿಮಾನದಲ್ಲಿ ಬರುತ್ತೇವೆ.

ಒಂದೇ ಒಂದು ಪ್ರಶ್ನೆ. ನಿಮಗೆ ನಿಜವಾಗಿ ಎದೆನೋವು ಬಂತೇ?

ಎಲೂರ್ದ್


ಮೊರ್ನ್ ಪಿಂತಾದ್
೫ ನವೆಂಬರ್ ೨೦೨೩

ಒನೆ, ಮಗಳೇ.

ನೀನು ಎದ್ದು ನಿಂತದ್ದನ್ನು ನೆರ್ಲಿನ್‌ಗೆ ಓದಿ ಹೇಳಿಸಿದೆ. ಅವಳು ಚೀಲ ತೆಗೆದುಕೊಂಡು ಬಿಚ್ಚಿದ ಹೆಸರನ್ನು ಮತ್ತೆ ಹೊಲಿಯಲು ಕೂತಳು. ಅವಳ ಮಟ್ಟಿಗೆ ಅದು ದೊಡ್ಡ ಭಾಷಣ.

ನಿನ್ನ ಪ್ರಶ್ನೆಗೆ: ಬಸ್ಸು ಹೊರಡುವ ಹಿಂದಿನ ವಾರವೆಲ್ಲ ಎದೆಯಲ್ಲಿ ಒಂದು ಕಲ್ಲಿತ್ತು. ಈಗ ಸ್ವಲ್ಪ ಕಡಿಮೆ. ಇಷ್ಟಕ್ಕೂ ನಂಬಿಕೆ ಬರದಿದ್ದರೆ ಬಂದು ಕೈಯಿಟ್ಟು ನೋಡು.

ದೊಡ್ಡಪ್ಪ


ಮಾಂಟ್ರಿಯಲ್
೬ ಡಿಸೆಂಬರ್ ೨೦೨೩

ರೆಸ್ಪೆ, ನನ್ನ ದೊಡ್ಡಪ್ಪ.

ಮನೆಗೆ ಬಂದು ಸೇರಿದೆ. ಇಲ್ಲಿ ಹಿಮ. ಕಣ್ಣು ಮುಚ್ಚಿದರೆ ಜೆರೆಮಿಯ ಚರ್ಚಿನ ಅಂಗಳ. ತರಬೇತಿಯವರು ಸಂಘಟನೆ ಅಂದರೇನು ಅಂತ ಚಿತ್ರ ತೋರಿಸಲು ಪರದೆ ಕಟ್ಟುತ್ತಿದ್ದಾಗ ನೆರ್ಲಿನ್ ಅವರನ್ನೇ ಸ್ಟ್ರೆಚರಿನಲ್ಲಿ ಮಲಗಿಸಿ ಅಂಗಳ ಸುತ್ತಿಸಿದಳಲ್ಲ, ಆ ಫೋಟೊ ಈಗ ನಮ್ಮ ಕಚೇರಿಯ ಗೋಡೆಯ ಮೇಲಿದೆ. ಲೆಕ್ಕ ಬರೆಯುವುದನ್ನು ಅವಳು ಕಲಿತಳು. ಯಾರನ್ನು ಕೇಳಿ ಊರು ಗೊತ್ತುಮಾಡಬೇಕು ಅನ್ನುವುದನ್ನು ನಾವು ಕಲಿತೆವು. ಪಾಲುದಾರಿಕೆಯ ಕಾಗದ ಹೆಗಲು ಸಂಘದ ಹೆಸರಿಗೇ ಬರುತ್ತದೆ, ನಡುವೆ ಯಾರೂ ಇಲ್ಲ.

ನಿಮ್ಮ ಎದೆಯ ಮೇಲೆ ಕೈಯಿಟ್ಟಾಗ ಅದು ಓಡುತ್ತಿತ್ತು. ನನಗೆ ಹೆದರಿಕೆಯಾಯಿತು. ನಿಮ್ಮ ಮೇಲೆ ಅನುಮಾನಪಟ್ಟದ್ದಕ್ಕೆ ಕ್ಷಮಿಸಿ. ಮಾತ್ರೆ ಕಳಿಸಿದ್ದೇನೆ. ನೆರ್ಲಿನ್ ನನಗೆ ಮಾತು ಕೊಟ್ಟಿದ್ದಾಳೆ: ನಿಮಗೆ ಉಪ್ಪಿಲ್ಲ, ಕ್ಲೆರೆನ್ ಸಾರಾಯಿ ಇಲ್ಲ, ಸ್ಟ್ರೆಚರಿನ ಹತ್ತಿರ ಬಿಡುವುದೇ ಇಲ್ಲ.

ನಿಮ್ಮ ಎಲೂರ್ದ್


ಮೊರ್ನ್ ಪಿಂತಾದ್
೨೦ ಡಿಸೆಂಬರ್ ೨೦೨೩

ಒನೆ, ಮಗಳೇ.

ಇದರ ಫೋಟೊ ಹಿಡಿಸಿಲ್ಲ. ಲಕೋಟೆಗೆ ಅಂಟು ಹಾಕಿ ಕೆನಡಾಕ್ಕೆ ಹೊರಟಿರುವ ಚರ್ಚಿನ ಸಿಸ್ಟರ್ ಕೈಯಲ್ಲಿ ಕೊಟ್ಟಿದ್ದೇನೆ. ಓದಿದ ಮೇಲೆ ಒಲೆಗೆ ಹಾಕು.

ನೆರ್ಲಿನ್ ಮಾತಿಗೆ ತಪ್ಪುವವಳಲ್ಲ. ನನ್ನ ಸಾರಿನಲ್ಲಿ ಉಪ್ಪಿಲ್ಲ. ಯಾವುದೋ ಎಲೆಯ ಕಷಾಯ ಕುಡಿಸುತ್ತಾಳೆ, ಅದರ ಕಹಿಗೆ ಸತ್ತವನೂ ಎದ್ದು ಓಡಬೇಕು. ಓಡಲು ಮಾತ್ರ ನನಗೆ ಅಪ್ಪಣೆಯಿಲ್ಲ. ನೀನು ಕಳಿಸಿದ ಮಾತ್ರೆ ನನ್ನ ಮೇಕೆ ತಿನ್ನುತ್ತಿದೆ. ಅದರ ಹೃದಯ ಚೆನ್ನಾಗಿದೆ.

ಹೋದ ವಾರ ಮಧ್ಯಾಹ್ನ ಶಂಖ ಕೇಳಿತು. ಮೇಲಿನ ಕೇರಿಯ ಸಿಲಿಯಾನಿಝ್‌ಗೆ ಹೆರಿಗೆ ನೋವು, ಕೂಸು ಅಡ್ಡ ನಿಂತಿತ್ತು. ಜನ ಗುದ್ದಲಿ ಬಿಟ್ಟು ಬಂದರು, ಒಲೆ ಬಿಟ್ಟು ಬಂದರು, ಒಬ್ಬ ಅರ್ಧ ಕ್ಷೌರ ಮಾಡಿಸಿಕೊಂಡ ಗಡ್ಡದಲ್ಲೇ ಬಂದ. ಯಾರಿಗೆ, ಏನು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಎದ್ದು ನಿಂತೆ. ನೆರ್ಲಿನ್ ಓಡುತ್ತಲೇ ಕೈ ತೋರಿಸಿದಳು. “ಕೂತ್ಕೋ ತಾತ.” ಕೂತೆ. ಮಲಗಿದವರ ಪಕ್ಕದಲ್ಲಿ ಓಡುತ್ತ, ನೋವು ಮರೆಯುವ ಹಾಗೆ ನಗಿಸುತ್ತ ಈ ಗುಡ್ಡ ಇಳಿದವನು ನಾನು. ಅವತ್ತು ಆ ಕಾಲುಗಳ ಸದ್ದು ನನ್ನ ಬೇಲಿ ದಾಟಿ ಕೆಳಗೆ ಹೋಗುವುದನ್ನು ಕೂತು ಕೇಳಿದೆ. ತಾಯಿ, ಕೂಸು ಎರಡೂ ಉಳಿದವು. ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದಳಂತೆ ನರ್ಸಮ್ಮ.

ನನ್ನ ಕೀಟಲೆಗಳನ್ನು ನಾನು ಸಂಜೆಯೊಳಗೆ ಒಪ್ಪಿಕೊಂಡುಬಿಡುತ್ತೇನೆ. ಒಪ್ಪಿಕೊಳ್ಳುವುದರಲ್ಲೇ ಅದರ ರುಚಿ. ಆದರೆ ಒಂದನ್ನು ಈ ಊರಿನಲ್ಲಿ ಯಾರ ಮುಂದೆಯೂ ಒಪ್ಪಿಕೊಳ್ಳುವಂತಿಲ್ಲ. ಒಪ್ಪಿಕೊಂಡರೆ ಮುಂದಿನ ಸಲ ಶಂಖ ಕೇಳಿದಾಗ ಒಬ್ಬನಾದರೂ ಗುದ್ದಲಿ ಹಿಡಿದುಕೊಂಡೇ ನಿಂತು, ಮತ್ತೆ ಆ ಮುದುಕನೇ ಇರಬೇಕು ಅಂದುಕೊಳ್ಳುತ್ತಾನೆ. ಅವನು ನಿಂತ ಆ ಹೊತ್ತು ಯಾರ ಪಾಲಿನದೋ. ಹಾಗಾಗಿ ಸಾಯುವವರೆಗೂ ನಾನು ಎದೆರೋಗಿ. ಬಸ್ಸು ಕ್ಷೇಮವಾಗಿ ತಲುಪಿತು ಅಂತ ನೀನೇ ಬರೆದೆ, ಅಂದರೆ ನನ್ನ ಲೆಕ್ಕವೂ ತಪ್ಪು. ಮತ್ತೆ ಅಂಥ ಬೆಳಗ್ಗೆ ಬಂದರೆ ಏನು ಮಾಡುತ್ತೇನೆ ಅಂತ ಕೇಳಬೇಡ.

ನೆರ್ಲಿನ್‌ಗೆ ಗೊತ್ತೋ ಇಲ್ಲವೋ ತಿಳಿಯದು. ಎದೆನೋವಿನಲ್ಲಿ ಬಿದ್ದವನ ಅಂಗಳದಲ್ಲಿ ಅವತ್ತು ಬೇರೆ ಯಾರಿದ್ದರು, ಊದಿದ್ದು ಯಾರು ಅಂತ ಮೇಷ್ಟ್ರು ಒಮ್ಮೆ ಕೇಳಿದರು. “ಊದಿದೋರ್ ಯಾರಾದ್ರೇನು ಮೇಷ್ಟ್ರೇ, ಎಲ್ರಿಗೂ ಕೇಳ್ತಲ್ಲ,” ಅಂದಳು. ನನ್ನ ಕಡೆ ನೋಡಲಿಲ್ಲ. ಕಷಾಯದ ಲೋಟ ತುಂಬಿಸಿ ನನ್ನ ಮುಂದೆ ಇಟ್ಟಳು.

ನೀನು ಎದುರಿಗೆ ಕೂತಿದ್ದಾಗಲೇ ಹೇಳಬೇಕೆಂದಿದ್ದೆ. ನಿನ್ನ ಕೈ ಎದೆಯ ಮೇಲಿತ್ತು, ಸುಳ್ಳಿನ ಭಯಕ್ಕೆ ಅದು ಓಡುತ್ತಿತ್ತು, ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ. ಅವತ್ತು ಬೆಳಗ್ಗೆ ಅವಳ ಚೀಲ ಮಾವಿನ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ, ಮೊಳೆಯಿಂದ ಶಂಖ ಇಳಿಸಿದೆ, ಇದ್ದಷ್ಟೂ ಉಸಿರು ಹಾಕಿ ನಾನೇ ಊದಿದೆ, ಆಮೇಲೆ ಅದನ್ನು ತಿರುಗಿ ಮೊಳೆಗೆ ಸಿಕ್ಕಿಸಿ ಅಂಗಳದಲ್ಲಿ ಮಲಗಿದೆ.